ಅಶ್ವಹೃದಯ: ಲಗಾಮಿಲ್ಲದ ಕುದುರೆಯ ಪಾಠ

(ಕನ್ನಡ ಕೂಟದ ವಸಂತ ಸಭೆಯಲ್ಲಿ ಮಾಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ಭಾಷಣಕ್ಕೆ ಕರೆದರೆ ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲುಗಳ ಬಗೆಗೆ ಎಚ್ಚರಿಕೆ ಕೇಳಬೇಕಾದೀತೆಂದು ತಾವು ನಿರೀಕ್ಷಿಸುವುದು ಸಹಜ. ಊಟಕ್ಕೆ ಮುಂಚೆ ಅಂಥ ಮಾತು ಬೇಡವೆಂದು ಇಂದು ಬೇರೆ ವಿಷಯವನ್ನು ಆರಿಸಿಕೊಂಡಿದ್ದೇವೆ. ಅದು ಕುದುರೆಗೆ ಪಾಠ ಹೇಳುವ ವಿದ್ಯೆ. ಬೆನ್ನಮೇಲೆ ಕುಳಿತು ಹೇಳುವ ಪಾಠವಲ್ಲ, ನೆಲದ ಮೇಲೆ ಅದರ ಪಕ್ಕದಲ್ಲಿ ನಿಂತು ಹೇಳುವ ಪಾಠ. ಈ ಭಾಷಣದುದ್ದಕ್ಕೂ ‘ನಾವು’ ಎಂದು ಹೇಳಿಕೊಳ್ಳುವುದು ದೊಡ್ಡಸ್ತಿಕೆಗಾಗಿ ಅಲ್ಲ. ಇದು ನಮ್ಮ ಮನೆಯವರೆಲ್ಲರೂ ಕೂಡಿ ಕಲಿತ ವಿದ್ಯೆ, ಅದರಲ್ಲಿಯೂ ಮಗಳಿಂದ ತಂದೆತಾಯಿಗಳು ಕಲಿತ ಭಾಗವೇ ಹೆಚ್ಚು.

ಕನ್ನಡದಲ್ಲಿ ಹದ್ದುಮೀರಿ ನಡೆಯುವವನನ್ನು ‘ಲಂಗುಲಗಾಮಿಲ್ಲದವನು’ ಎನ್ನುತ್ತೇವೆ. ಪದಾರ್ಥಗಳ ಬೆಲೆ ಏರಿದರೆ ಅದಕ್ಕೆ ‘ಕಡಿವಾಣ’ ಹಾಕಬೇಕೆಂದು ಪತ್ರಿಕೆಗಳು ಬರೆಯುತ್ತವೆ. ಕಠೋಪನಿಷತ್ತಿನ ಪ್ರಸಿದ್ಧ ರೂಪಕದಲ್ಲಿ ದೇಹವೇ ರಥ, ಇಂದ್ರಿಯಗಳೇ ಕುದುರೆಗಳು, ಮನಸ್ಸೇ ಲಗಾಮು, ಬುದ್ಧಿಯೇ ಸಾರಥಿ. ಹೀಗೆ ನಮ್ಮ ಭಾಷೆಯಲ್ಲಿಯೂ ಚಿಂತನೆಯಲ್ಲಿಯೂ ಕುದುರೆ ಎಂದೊಡನೆ ಲಗಾಮು ನೆನಪಾಗುತ್ತದೆ. ಲಗಾಮು ಕಳಚಿದರೆ ಅನಾಹುತವೆಂಬ ಭಾವನೆಯೂ ಅದರೊಡನೆಯೇ ಬರುತ್ತದೆ. ಆದರೆ ಮಹಾಭಾರತದ ನಳೋಪಾಖ್ಯಾನದಲ್ಲಿ ಇನ್ನೊಂದು ಮಾತು ಇದೆ. ಬಾಹುಕನೆಂಬ ಹೆಸರಿನಲ್ಲಿ ಸಾರಥಿಯಾಗಿದ್ದ ನಳನು ಋತುಪರ್ಣ ರಾಜನಿಂದ ‘ಅಕ್ಷಹೃದಯ’ವೆಂಬ ಜೂಜಿನ ರಹಸ್ಯವನ್ನು ಪಡೆದು, ಅದಕ್ಕೆ ಪ್ರತಿಯಾಗಿ ಕೊಟ್ಟ ವಿದ್ಯೆಯ ಹೆಸರು ‘ಅಶ್ವಹೃದಯ’. ಕುದುರೆಯನ್ನು ಬಲ್ಲ ವಿದ್ಯೆಗೆ ನಮ್ಮ ಹಿರಿಯರು ಲಗಾಮಿನ ಹೆಸರನ್ನು ಇಡದೆ ಹೃದಯದ ಹೆಸರನ್ನು ಇಟ್ಟರೆಂಬುದನ್ನು ಮೊದಲಿಗೇ ಸ್ಮರಿಸಲು ಇಚ್ಛಿಸುತ್ತೇವೆ.

ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಇಲ್ಲಿ ರೆಸಿಡೆನ್ಸಿ ಮಾಡಿ, ಒಹಾಯೋ ರಾಜ್ಯದ ಒಂದು ಸಣ್ಣ ಊರಿನಲ್ಲಿ ನೆಲೆಸಿದ ನಮಗೆ ಕುದುರೆಯೆಂದರೆ ಟಾಂಗಾ ಗಾಡಿಯದು, ದಸರಾ ಮೆರವಣಿಗೆಯದು, ಮದುವೆಯ ದಿನದ್ದು, ಅಷ್ಟೇ. 2014ರಲ್ಲಿ, ಮಗಳಿಗೆ ಹದಿಮೂರು ತುಂಬಿದಾಗ, ಎಂಟು ವರ್ಷದ ಒಂದು ಹೆಣ್ಣು ಕುದುರೆ ನಮ್ಮ ಪಾಲಿಗೆ ಬಂದಿತು. ಬೂದಿಯಿಂದ ಬಿಳುಪಿಗೆ ತಿರುಗುತ್ತಿದ್ದ ಅದಕ್ಕೆ ಮಕ್ಕಳು ಮಲ್ಲಿಗೆ ಎಂದು ಹೆಸರಿಟ್ಟರು. ಕಿವಿಯನ್ನು ಮುಟ್ಟಗೊಡುತ್ತಿರಲಿಲ್ಲ. ಕುದುರೆಯನ್ನು ಸಾಗಿಸುವ ಟ್ರೇಲರನ್ನು ಕಂಡರೆ ಮುಂಗಾಲೆತ್ತಿ ನಿಲ್ಲುತ್ತಿತ್ತು. ಹಿಂದೆ ಯಾರೋ ಅದನ್ನು ಹೊಡೆದು ಒಳಕ್ಕೆ ತಳ್ಳುತ್ತಿದ್ದರೆಂದು ತಿಳಿಯಿತು. ಪಕ್ಕದ ಫಾರ್ಮಿನ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಅದನ್ನು ತಿದ್ದುವ ವಿದ್ಯೆಯನ್ನು ನಮಗೆ ಕಲಿಸಲು ಒಪ್ಪಿದರು. ಅವರ ನಿಬಂಧನೆ ಒಂದೇ: ಮೂರು ತಿಂಗಳು ಯಾರೂ ಅದರ ಬೆನ್ನನ್ನು ಏರತಕ್ಕದ್ದಲ್ಲ.

ಈ ನಿಬಂಧನೆಯ ಕಾರಣವನ್ನು ತಿಳಿಯಲು ಕುದುರೆಯ ಶರೀರವನ್ನು ಸ್ವಲ್ಪ ನೋಡಬೇಕು. ಸುಮಾರು ಐನೂರು ಕಿಲೋ ತೂಗುವ ಈ ಪ್ರಾಣಿ ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಗುರಿಯಾಗುವ ಪ್ರಾಣಿ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಲಿನ 360 ಡಿಗ್ರಿಗಳಲ್ಲಿ ಹತ್ತಿರಹತ್ತಿರ 350 ಡಿಗ್ರಿ ಅದಕ್ಕೆ ಕಾಣುತ್ತದೆ. ಹಣೆಯ ನೇರ ಮುಂದಿನ ಸ್ವಲ್ಪ ಜಾಗ, ಬಾಲದ ನೇರ ಹಿಂದಿನ ಸ್ವಲ್ಪ ಜಾಗ ಮಾತ್ರ ಕಾಣುವುದಿಲ್ಲ. ಆದಕಾರಣವೇ ಹಿಂದಿನಿಂದ ಸದ್ದಿಲ್ಲದೆ ಬಂದವನು ಒದೆ ತಿನ್ನುತ್ತಾನೆ. ಚರ್ಮದ ಮೇಲೆ ನೊಣ ಕುಳಿತರೂ ಅದಕ್ಕೆ ಅರಿವಾಗಿ, ಆ ಜಾಗದ ಚರ್ಮವನ್ನು ಅದುರಿಸಿ ಓಡಿಸುತ್ತದೆ. ವಿಶ್ರಾಂತಿಯಲ್ಲಿ ಅದರ ಹೃದಯ ನಿಮಿಷಕ್ಕೆ 28ರಿಂದ 44 ಬಾರಿ ಮಾತ್ರ ಬಡಿಯುತ್ತದೆ; ಪ್ರಾಣಭಯದಿಂದ ನಾಗಾಲೋಟದಲ್ಲಿ ಓಡುವಾಗ 200ನ್ನು ದಾಟಬಲ್ಲದು. ಭಯ ಬಂದರೆ ಮೊದಲು ಓಡು, ಆಮೇಲೆ ಯೋಚಿಸು ಎಂಬುದೇ ಅದರ ಜೀವನಸೂತ್ರ. ಇಂಥ ಪ್ರಾಣಿಯ ಬೆನ್ನ ಮೇಲೆ ಹಠಾತ್ತನೆ ಕುಳಿತು ಬಾಯಿಯಲ್ಲಿನ ಕಬ್ಬಿಣವನ್ನು ಎಳೆದರೆ ಅದು ಕಲಿಯುವುದು ವಿಧೇಯತೆಯನ್ನಲ್ಲ, ಭಯವನ್ನು.

ಈ ತಿಳಿವು ಹೊಸದೇನೂ ಅಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಸಿನ ಝೆನೊಫನ್ ಬರೆದ ಅಶ್ವವಿದ್ಯೆಯ ಗ್ರಂಥ, ಕೋಪದಲ್ಲಿದ್ದಾಗ ಕುದುರೆಯ ಬಳಿ ಯಾವ ವ್ಯವಹಾರವೂ ಕೂಡದೆಂದು ಬುದ್ಧಿ ಹೇಳುತ್ತದೆ. ನಾವು ನೆಲೆಸಿರುವ ಒಹಾಯೋ ರಾಜ್ಯಕ್ಕೂ ಈ ಇತಿಹಾಸದಲ್ಲಿ ಸ್ಥಾನವಿದೆ. ಕೊಲಂಬಸ್ ನಗರದ ಸಮೀಪದ ಗ್ರೋವ್‌ಪೋರ್ಟಿನಲ್ಲಿ 1827ರಲ್ಲಿ ಹುಟ್ಟಿದ ಜಾನ್ ಸಾಲೊಮನ್ ರೇರಿ ಇಂಗ್ಲೆಂಡಿಗೆ ಹೋಗಿ 1858ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ತನ್ನ ವಿದ್ಯೆಯನ್ನು ಪ್ರದರ್ಶಿಸಿದನು. ಮನುಷ್ಯರ ಮೇಲೆ ಎರಗುತ್ತಿತ್ತೆಂದು ಬಾಯಿಗೆ ಕಬ್ಬಿಣದ ಕುಕ್ಕೆ ಹಾಕಿ ಕೂಡಿಟ್ಟಿದ್ದ ‘ಕ್ರೂಸರ್’ ಎಂಬ ಗಂಡು ಕುದುರೆಯನ್ನು ಆತ ಪಳಗಿಸಿ, ಜೊತೆಯಲ್ಲಿ ಒಹಾಯೋಗೇ ಕರೆತಂದನು. ಇಂದಿಗೂ ಆ ಊರಿನ ಹೈಸ್ಕೂಲಿನ ಆಟದ ತಂಡಗಳಿಗೆ ಕ್ರೂಸರನ ಹೆಸರಿದೆ. ಮುಂಗಾಲನ್ನು ಪಟ್ಟಿಯಿಂದ ಮಡಿಸಿ ಕಟ್ಟಿ ಕುದುರೆಯನ್ನು ನೆಲಕ್ಕೆ ಒರಗಿಸುವ ಆತನ ಕ್ರಮ ಇಂದಿನ ಕಣ್ಣಿಗೆ ಒರಟಾಗಿ ಕಾಣಬಹುದು; ಹೊಡೆದು ಬಡಿದು ‘ಮುರಿಯುವುದೇ’ ರೂಢಿಯಾಗಿದ್ದ ಕಾಲಕ್ಕೆ ಅದು ಕರುಣೆಯ ಕ್ರಮವಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳ ದನಗಾಹಿಗಳ ನಡುವೆ ಈ ವಿದ್ಯೆ ಮತ್ತಷ್ಟು ಮೃದುವಾಯಿತು. ಟಾಮ್ ಡಾರೆನ್ಸ್, ಅವರಿಂದ ಕಲಿತ ರೇ ಹಂಟ್, ಹಂಟರಿಂದ ಕಲಿತ ಬಕ್ ಬ್ರಾನಮನ್, ಹೀಗೆ ಒಂದು ಗುರುಶಿಷ್ಯ ಪರಂಪರೆಯೇ ಬೆಳೆಯಿತು. 1998ರಲ್ಲಿ ರಾಬರ್ಟ್ ರೆಡ್‌ಫರ್ಡ್ ನಿರ್ದೇಶಿಸಿ ನಟಿಸಿದ ‘ದ ಹಾರ್ಸ್ ವಿಸ್ಪರರ್’ ಚಿತ್ರಕ್ಕೆ ಬ್ರಾನಮನ್ ಅವರೇ ಸಲಹೆಗಾರರಾಗಿದ್ದರು. ಕ್ಯಾಲಿಫೋರ್ನಿಯಾದ ಮಾಂಟಿ ರಾಬರ್ಟ್ಸ್ 1989ರಲ್ಲಿ ವಿಂಡ್ಸರ್ ಅರಮನೆಯಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಸಮ್ಮುಖದಲ್ಲಿ ತಮ್ಮ ಕ್ರಮವನ್ನು ತೋರಿಸಿ ಜಗತ್ಪ್ರಸಿದ್ಧರಾದರು.

ಇನ್ನು ಪಾಠಕ್ಕೆ ಬರೋಣ. ಇಲ್ಲಿನವರು ಇದನ್ನು ಗ್ರೌಂಡ್‌ವರ್ಕ್ ಎನ್ನುತ್ತಾರೆ; ನಮ್ಮ ಮನೆಯಲ್ಲಿ ಇದು ‘ನೆಲದ ಪಾಠ’. ಬೇಕಾದ ಸಾಮಗ್ರಿ ಅತ್ಯಲ್ಪ: ತಲೆಗೆ ತೊಡಿಸುವ ಹಗ್ಗದ ಹಾಲ್ಟರ್, ಅದಕ್ಕೆ ಕಟ್ಟಿದ ಹನ್ನೆರಡು ಅಡಿಯ ಇನ್ನೊಂದು ಹಗ್ಗ, ತೋಳಿನ ವಿಸ್ತರಣೆಯಂತೆ ಬಳಸಲು ಒಂದು ನೀಳವಾದ ಕೋಲು. ಬಾಯಿಯಲ್ಲಿ ಕಡಿವಾಣವಿಲ್ಲ. ಪಾಠದ ಸೂತ್ರವೂ ಒಂದೇ: ಕುದುರೆ ಕಲಿಯುವುದು ನಾವು ಹಾಕುವ ಒತ್ತಡದಿಂದಲ್ಲ, ಆ ಒತ್ತಡವನ್ನು ನಾವು ತೆಗೆಯುವ ಕ್ಷಣದಿಂದ.

ಉದಾಹರಣೆಗೆ ತಲೆ ತಗ್ಗಿಸುವ ಪಾಠವನ್ನು ನೋಡಿ. ಕಿವಿಗಳ ಹಿಂದೆ, ನೆತ್ತಿಯ ಮೇಲೆ ಬೆರಳುಗಳನ್ನಿಟ್ಟು, ಬೆಣ್ಣೆಯನ್ನು ಅದುಮುವಷ್ಟು ಹಗುರವಾಗಿ ಅದುಮಬೇಕು. ಕುದುರೆ ಮೊದಲು ತಲೆಯನ್ನು ಮೇಲಕ್ಕೆತ್ತುತ್ತದೆ. ಬೆರಳುಗಳು ಜೊತೆಯಲ್ಲಿಯೇ ಏರಬೇಕು, ಹೆಚ್ಚು ಒತ್ತಬಾರದು, ಬಿಡಲೂಬಾರದು. ಯಾವುದೋ ಒಂದು ಕ್ಷಣದಲ್ಲಿ ಅದು ತಲೆಯನ್ನು ಅರ್ಧ ಅಂಗುಲ ತಗ್ಗಿಸುತ್ತದೆ. ಆ ಕ್ಷಣದಲ್ಲಿಯೇ ಬೆರಳನ್ನು ತೆಗೆಯಬೇಕು. ಎರಡು ಮೂರು ಸೆಕೆಂಡು ತಡವಾದರೂ, ಅಷ್ಟರಲ್ಲಿ ಅದು ಮತ್ತೆ ತಲೆ ಎತ್ತಿದ್ದರೆ, ತಲೆ ಎತ್ತಿದ್ದಕ್ಕೇ ಬಿಡುಗಡೆ ಸಿಕ್ಕಿತೆಂದು ಅದು ಕಲಿತುಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞರು ಇದನ್ನು ಋಣಾತ್ಮಕ ಪ್ರಬಲನವೆನ್ನುತ್ತಾರೆ. ಹೆಸರು ಕಠೋರವಾದರೂ ಅರ್ಥ ಸರಳ: ಅಹಿತವಾದದ್ದು ದೂರವಾಗುವುದೇ ಬಹುಮಾನ. ಇದು ಶಿಕ್ಷೆಯಲ್ಲ. ಶಿಕ್ಷೆಯು ತಪ್ಪಾದ ಮೇಲೆ ಬರುತ್ತದೆ. ಇಲ್ಲಿ ಸರಿಯಾದೊಡನೆ ಎಲ್ಲವೂ ನಿಂತುಹೋಗುತ್ತದೆ.

ಇದೇ ಸೂತ್ರದ ಮೇಲೆ ಉಳಿದ ಪಾಠಗಳು ನಿಂತಿವೆ. ಮೊದಲನೆಯದು, ಜೊತೆಯಲ್ಲಿ ನಡೆಯುವುದು: ಮನುಷ್ಯ ನಿಂತರೆ ಕುದುರೆ ನಿಲ್ಲಬೇಕು, ಹೊರಟರೆ ಹೊರಡಬೇಕು, ಮನುಷ್ಯನಿಗೂ ಅದಕ್ಕೂ ನಡುವೆ ಒಂದು ತೋಳಿನ ಅಂತರವಿರಬೇಕು, ಹಗ್ಗ ಸದಾ ಸಡಿಲವಾಗಿ ಜೋಲುತ್ತಿರಬೇಕು. ಎರಡನೆಯದು, ಹಿಂದಕ್ಕೆ ಸರಿಯುವುದು. ಮೂರನೆಯದು ಬಹು ಮುಖ್ಯವಾದದ್ದು. ಅದರ ಪಕ್ಕೆಯತ್ತ ನೋಡುತ್ತ, ಹಿಂಭಾಗದ ಕಡೆಗೆ ಒಂದು ಹೆಜ್ಜೆ ಇಟ್ಟಾಗ ಅದು ಒಂದು ಹಿಂಗಾಲನ್ನು ಇನ್ನೊಂದರ ಮುಂದೆ ಅಡ್ಡಹಾಯಿಸಿ ಪಕ್ಕಕ್ಕೆ ಸರಿಯಬೇಕು. ಕುದುರೆಯ ಓಟದ ಬಲವೆಲ್ಲ ಹಿಂಗಾಲುಗಳಲ್ಲಿದೆ. ಹಿಂಗಾಲುಗಳು ಅಡ್ಡಹಾಯುವಾಗ ಮುನ್ನುಗ್ಗುವ ಶಕ್ತಿ ಮುರಿಯುತ್ತದೆ. ಮುಂದೆ ಬೆನ್ನೇರಿದಾಗ, ಬೆದರಿ ಓಡುವ ಕುದುರೆಯನ್ನು ನಿಲ್ಲಿಸುವ ಉಪಾಯಕ್ಕೆ ಇದೇ ತಳಹದಿ. ನಾಲ್ಕನೆಯದು, ಮುಂಗಾಲುಗಳನ್ನು ಪಕ್ಕಕ್ಕೆ ಸರಿಸುವುದು. ಐದನೆಯದು, ಹಗ್ಗದ ಉದ್ದದಷ್ಟು ದೂರದಲ್ಲಿ ನಮ್ಮ ಸುತ್ತ ವೃತ್ತವಾಗಿ ನಡೆದು, ಸೂಚನೆ ಸಿಕ್ಕಾಗ ದಿಕ್ಕನ್ನು ಬದಲಿಸುವುದು. ಒಂದೊಂದು ಪಾಠವೂ ಹದಿನೈದು ಇಪ್ಪತ್ತು ನಿಮಿಷ ಮಾತ್ರ. ಕುದುರೆ ಚೆನ್ನಾಗಿ ಮಾಡಿದ ಕಡೆಯಲ್ಲೇ ನಿಲ್ಲಿಸಬೇಕು. ಇನ್ನೊಂದು ಸಲ ಎಂಬ ಆಸೆಗೆ ಬೀಳಬಾರದು.

ಭಯವನ್ನು ಕಳೆಯುವ ಪಾಠ ಬೇರೆ. ಕೋಲಿನ ತುದಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ದೂರದಲ್ಲಿ ಅಲ್ಲಾಡಿಸುತ್ತೇವೆ. ಕುದುರೆ ಕಿವಿ ನಿಮಿರಿಸುತ್ತದೆ, ಮೂಗಿನ ಹೊಳ್ಳೆಗಳನ್ನು ಅರಳಿಸುತ್ತದೆ. ಅದು ಕಾಲೂರಿ ನಿಂತ ಕ್ಷಣದಲ್ಲಿ ಚೀಲವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಮುಂದಿನ ಸಲ ಒಂದಡಿ ಹತ್ತಿರ, ಮತ್ತೆ ಹಿಂದಕ್ಕೆ. ಹೀಗೆ ಸಮೀಪಿಸುವುದು, ಹಿಂಜರಿಯುವುದು ನಡೆಯುತ್ತದೆ. ಕೆಲವು ಹೊತ್ತಿನ ಮೇಲೆ ಕುದುರೆ ನಾಲಿಗೆಯನ್ನು ಹೊರಚಾಚಿ ತುಟಿ ಸವರಿ, ಏನನ್ನೋ ಜಗಿಯುವಂತೆ ಬಾಯಾಡಿಸುತ್ತದೆ. ಅದು ಸೋಲನ್ನೊಪ್ಪಿದ ಗುರುತೆಂದು ಹಳಬರು ಹೇಳುತ್ತಿದ್ದರು. ಆತಂಕದಿಂದ ಶಾಂತಿಗೆ ನರಮಂಡಲ ಮರಳುವಾಗ ಹೀಗಾಗುತ್ತದೆಂಬುದು ಇತ್ತೀಚಿನ ಸಂಶೋಧಕರ ಅಭಿಪ್ರಾಯ. ವೈದ್ಯರಾದ ನಮಗೂ ಇದು ಒಪ್ಪುವ ಮಾತು. ಭಯದಲ್ಲಿ ಒಣಗಿದ್ದ ಬಾಯಿಗೆ ನೀರು ಮರಳಿ ಬಂದಿರುತ್ತದೆ.

ಮಲ್ಲಿಗೆಗೆ ಟ್ರೇಲರಿನ ಭಯ ಬಿಡಲು ಏಳು ವಾರ ಹಿಡಿಯಿತು. ಮೊದಲ ವಾರ ಟ್ರೇಲರಿನಿಂದ ಮೂವತ್ತು ಅಡಿ ದೂರದಲ್ಲಿ ತಲೆ ತಗ್ಗಿಸುವ ಪಾಠ, ಅಷ್ಟೇ. ಎರಡನೆಯ ವಾರ ಇಪ್ಪತ್ತು ಅಡಿ. ಆಮೇಲೆ ಇಳಿಜಾರು ಹಲಗೆಯ ಮೇಲೆ ಒಂದು ಗೊರಸು ಇಟ್ಟರೆ ಸಾಕು, ಹಿಂದಕ್ಕೆ ಬಾ ಎಂದು ನಾವೇ ಕರೆಯುತ್ತಿದ್ದೆವು. ಒಳಗೆ ಹೋಗಲು ಕಲಿಸುವುದಕ್ಕಿಂತ ಹೊರಗೆ ಬರಬಹುದೆಂದು ಕಲಿಸುವುದೇ ಮುಖ್ಯವೆಂದು ಅಜ್ಜಿ ಹೇಳುತ್ತಿದ್ದರು. ಒಳಹೊಕ್ಕರೆ ಸೆರೆಯಲ್ಲ ಎಂದು ಗೊತ್ತಾದ ಕುದುರೆ ಒಳಹೊಗಲು ಹೆದರುವುದಿಲ್ಲ.

ಈ ಏಳು ವಾರಗಳ ಬೆಲೆ ನಮಗೆ ತಿಳಿದದ್ದು 2017ರ ಜನವರಿಯ ಒಂದು ರಾತ್ರಿ. ಮಲ್ಲಿಗೆ ಮೇವು ಬಿಟ್ಟು, ನೆಲ ಕೆರೆಯುತ್ತ, ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿತ್ತು. ಕುದುರೆಗಳಿಗೆ ಬರುವ ಹೊಟ್ಟೆಶೂಲೆಯನ್ನು ಇಲ್ಲಿ ಕಾಲಿಕ್ ಎನ್ನುತ್ತಾರೆ. ಅವುಗಳ ಸಾವಿನ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಕುದುರೆಗೆ ವಾಂತಿ ಮಾಡಲು ಸಾಧ್ಯವಿಲ್ಲ. ಕರುಳು ಜಾರಿ ತಿರುಚಿಕೊಂಡರೆ ಶಸ್ತ್ರಚಿಕಿತ್ಸೆಯೊಂದೇ ದಾರಿ. ಪಶುವೈದ್ಯರು ಬಂದು ನೋವಿಗೆ ಇಂಜೆಕ್ಷನ್ ಕೊಟ್ಟು, ಕರುಳು ಸ್ಥಳ ಬಿಟ್ಟಿದೆ, ತಕ್ಷಣ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದರು. ಆಸ್ಪತ್ರೆ ಒಂದೂವರೆ ಗಂಟೆಯ ದಾರಿ. ಹೊರಗೆ ಹಿಮ ಬೀಳುತ್ತಿತ್ತು. ನೋವಿನಿಂದ ಬೆವರುತ್ತಿದ್ದ ಕುದುರೆ ಕತ್ತಲೆಯ ಟ್ರೇಲರಿನ ಮುಂದೆ ನಿಂತು ನಡುಗಿತು. ಹಿಂದಿನಿಂದ ತಳ್ಳೋಣವೇ ಎಂದು ಕೇಳಿದವರಿಗೆ ಹದಿನಾರರ ಮಗಳು, “ಅಪ್ಪಾ, ಅಮ್ಮಾ, ನೀವಿಬ್ಬರೂ ದಯವಿಟ್ಟು ಪಕ್ಕಕ್ಕೆ ನಿಲ್ಲಿ” ಎಂದಳು. ಹಲಗೆಯ ಬಳಿ ಹಗ್ಗವನ್ನು ಸಡಿಲ ಬಿಟ್ಟು ನಿಂತಳು. ನೆತ್ತಿಯ ಮೇಲೆ ಎರಡು ಬೆರಳಿಟ್ಟಳು. ಮಲ್ಲಿಗೆ ತಲೆ ತಗ್ಗಿಸಿತು, ಉಸಿರು ಬಿಟ್ಟಿತು, ಒಂದೊಂದೇ ಗೊರಸು ಇಟ್ಟು ಒಳಹೋಯಿತು. ನಾಲ್ಕು ನಿಮಿಷವೂ ಆಗಿರಲಿಲ್ಲ. ನಸುಕಿನಲ್ಲಿ ಶಸ್ತ್ರಚಿಕಿತ್ಸೆ ನಡೆದು ಅದು ಬದುಕಿತು. ನೆಲದ ಪಾಠ ಕಾಲಕ್ಷೇಪದ ಆಟವಲ್ಲ, ಪ್ರಾಣದ ಪ್ರಶ್ನೆ ಎಂದು ನಾವು ಹೇಳುವುದು ಈ ಅನುಭವದಿಂದ.

ಇನ್ನು ಲಿಬರ್ಟಿ, ಅಂದರೆ ಮುಕ್ತಪಾಠ. ಇಲ್ಲಿ ಹಾಲ್ಟರೂ ಇಲ್ಲ, ಹಗ್ಗವೂ ಇಲ್ಲ. ಸಾಮಾನ್ಯವಾಗಿ ಅರುವತ್ತು ಅಡಿ ವ್ಯಾಸದ ದುಂಡು ಆವರಣದಲ್ಲಿ ಇದು ಮೊದಲಾಗುತ್ತದೆ. ಕುದುರೆಯ ಭುಜದ ಹಿಂದೆ ಒಂದು ಗೆರೆಯಿದೆಯೆಂದು ಭಾವಿಸಿ. ಮನುಷ್ಯ ಆ ಗೆರೆಯ ಹಿಂದೆ ನಿಂತು ಮುಂದೊತ್ತಿದರೆ ಕುದುರೆ ಮುಂದೆ ಹೋಗುತ್ತದೆ. ಗೆರೆಯ ಮುಂದಕ್ಕೆ ಬಂದರೆ ನಿಧಾನಿಸುತ್ತದೆ, ಇಲ್ಲವೇ ತಿರುಗುತ್ತದೆ. ಎದೆಯನ್ನು ಅದರ ಕಡೆಗೆ ನೆಟ್ಟಗೆ ತಿರುಗಿಸಿ ದಿಟ್ಟಿಸಿದರೆ ಅದು ಒತ್ತಡ. ಭುಜವನ್ನು ಓರೆಮಾಡಿ, ದೃಷ್ಟಿ ತಗ್ಗಿಸಿ, ಎರಡು ಹೆಜ್ಜೆ ಹಿಂದೆ ಸರಿದರೆ ಅದೇ ಆಹ್ವಾನ. ಒಳಗಿನ ಕಿವಿ ನಮ್ಮ ಕಡೆ ತಿರುಗುವುದು, ವೃತ್ತ ಕಿರಿದಾಗುವುದು, ತಲೆ ತಗ್ಗುವುದು, ಇವು ಅದರ ಉತ್ತರಗಳು. ಕೊನೆಗೆ ಅದು ನಿಂತು, ಮುಖ ತಿರುಗಿಸಿ, ತಾನಾಗಿ ನಡೆದು ಬಂದು, ನಮ್ಮ ಹೆಗಲ ಬಳಿ ಮೂಗು ತರುತ್ತದೆ. ಆಮೇಲೆ ನಾವು ನಡೆದತ್ತ ನಡೆಯುತ್ತದೆ.

ಕುದುರೆ ಇಷ್ಟು ಸೂಕ್ಷ್ಮವಾಗಿ ನಮ್ಮನ್ನು ಓದಬಲ್ಲದೇ ಎಂದು ಸಂಶಯಪಡುವವರಿಗೆ ಬರ್ಲಿನ್ನಿನ ‘ಜಾಣ ಹಾನ್ಸ್’ ಎಂಬ ಕುದುರೆಯ ಕಥೆಯನ್ನು ಹೇಳಬಹುದು. ಲೆಕ್ಕ ಕೇಳಿದರೆ ಅದು ಗೊರಸು ಬಡಿದು ಉತ್ತರ ಹೇಳುತ್ತಿತ್ತು. 1904ರಲ್ಲಿ ಒಂದು ಸಮಿತಿ ಪರೀಕ್ಷಿಸಿ ಇದರಲ್ಲಿ ಮೋಸವಿಲ್ಲವೆಂದಿತು. ಅನಂತರ ಆಸ್ಕರ್ ಫುಂಗ್‌ಸ್ಟ್ ಎಂಬ ವಿದ್ವಾಂಸರು ನಡೆಸಿ 1907ರಲ್ಲಿ ಪ್ರಕಟಿಸಿದ ಪರೀಕ್ಷೆಗಳಿಂದ ನಿಜ ಹೊರಬಿತ್ತು. ಹಾನ್ಸ್‌ಗೆ ಗಣಿತ ಬರುತ್ತಿರಲಿಲ್ಲ; ಉತ್ತರದ ಸಂಖ್ಯೆ ಬಂದೊಡನೆ ಪ್ರಶ್ನೆ ಕೇಳಿದವರ ತಲೆ ಅವರಿಗೇ ಅರಿವಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಅದನ್ನು ಕಂಡು ಬಡಿತ ನಿಲ್ಲಿಸುತ್ತಿತ್ತು. ಅದನ್ನು ಮೋಸವೆಂದು ಹಲವರು ತಳ್ಳಿಹಾಕಿದರು. ನಮಗಂತೂ ಅದು ಗಣಿತಕ್ಕಿಂತ ದೊಡ್ಡ ವಿದ್ಯೆಯಾಗಿ ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ದುಂಡು ಆವರಣದಲ್ಲಿ ಕುದುರೆ ಬಳಿಗೆ ಬಂದೊಡನೆ ಅದು ನಮ್ಮನ್ನು ಪ್ರೀತಿಸಿತು, ನಾಯಕನೆಂದು ಒಪ್ಪಿತು ಎಂದು ಭಾವಿಸುವುದು ಸುಲಭ. 2012ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಮನುಷ್ಯನ ಬದಲಿಗೆ ದೂರದಿಂದ ನಿಯಂತ್ರಿಸುವ ಆಟದ ಕಾರನ್ನು ಆವರಣದೊಳಗೆ ಬಿಟ್ಟು ಪರೀಕ್ಷಿಸಿದರು. ಕುದುರೆ ತಿರುಗಿದೊಡನೆ ಕಾರು ನಿಲ್ಲುತ್ತಿತ್ತು. ಕುದುರೆಗಳು ಕಾರಿನ ಕಡೆಗೂ ತಿರುಗುವುದನ್ನು ಕಲಿತವು! ಅಂದರೆ ಅಲ್ಲಿ ಕೆಲಸ ಮಾಡಿದ್ದು ಪ್ರೇಮವಲ್ಲ, ಒತ್ತಡದ ಬಿಡುಗಡೆ. ಸುತ್ತಲೂ ಬೇಲಿಯಿರುವಾಗ ಓಡಿ ದಣಿದ ಪ್ರಾಣಿ ಬಳಿಗೆ ಬಂದರೆ ಅದನ್ನು ಸ್ವಂತ ಇಚ್ಛೆಯೆನ್ನಲಾದೀತೇ? ಆದ್ದರಿಂದ ಆವರಣದಲ್ಲಿ ಕುದುರೆಯನ್ನು ಬೆವರಿಳಿಯುವಂತೆ ಓಡಿಸುವುದನ್ನು ನಮ್ಮ ಅಜ್ಜಿ ಒಪ್ಪುತ್ತಿರಲಿಲ್ಲ. ಮುಕ್ತಪಾಠದ ನಿಜವಾದ ಪರೀಕ್ಷೆ ಬಯಲಿನಲ್ಲಿ, ಕಾಲ ಕೆಳಗೆ ಹಸಿರು ಹುಲ್ಲಿರುವಾಗ, ಇತರ ಕುದುರೆಗಳು ದೂರದಲ್ಲಿ ಮೇಯುತ್ತಿರುವಾಗ, ಎಂಬುದು ಅವರ ಮತ. ಅಲ್ಲಿ ಅದು ಬರದಿದ್ದರೆ ಅದರ ಮೇಲೆ ಸಿಟ್ಟಾಗುವಂತಿಲ್ಲ. ಆ ದಿನ ಅದರ ಉತ್ತರ ‘ಇಲ್ಲ’. ನಾಳೆ ಹಗ್ಗದ ಪಾಠಕ್ಕೆ ಮರಳಿ, ಎಲ್ಲಿ ಅರ್ಥವಾಗಿಲ್ಲವೆಂದು ಹುಡುಕಬೇಕು. ಮಲ್ಲಿಗೆ ಐದು ಎಕರೆಯ ಬಯಲಿನಲ್ಲಿ ಹುಲ್ಲು ಬಿಟ್ಟು ಬರಲು ಎರಡು ವರ್ಷ ಹಿಡಿಯಿತು. ಬಂದ ಬಳಿಕವೂ ಪ್ರತಿದಿನ ಬರುತ್ತದೆಂಬ ಖಾತರಿ ಇಲ್ಲ. ಆ ಖಾತರಿ ಇಲ್ಲದಿರುವುದರಿಂದಲೇ ಅದು ಬಂದ ದಿನಕ್ಕೆ ಬೆಲೆ.

ಈ ವಿದ್ಯೆ ನಮ್ಮ ವೃತ್ತಿಗೂ ಉಪಕಾರ ಮಾಡಿದೆ. ಸೂಜಿ ಕಂಡರೆ ಅಳುವ ಮಗುವಿನ ತೋಳನ್ನು ನಾಲ್ವರು ಹಿಡಿದು ಚುಚ್ಚಿದರೆ ಆ ದಿನದ ಕೆಲಸ ಮುಗಿಯುತ್ತದೆ, ಮುಂದಿನ ಹತ್ತು ವರ್ಷದ ಭಯ ಹುಟ್ಟುತ್ತದೆ. ಹತ್ತಿರ ಬಂದು, ನಿಂತು, ಮತ್ತೆ ಹಿಂದೆ ಸರಿದು, ಅದು ಉಸಿರು ಬಿಡುವುದನ್ನು ಕಾದರೆ ಐದು ನಿಮಿಷ ಹೆಚ್ಚು ತಗಲುತ್ತದೆ, ಅಷ್ಟೇ. ಹರೆಯದ ಮಕ್ಕಳಿರುವ ಮನೆಗಳಲ್ಲಿ ಮಗ ಒಂದು ಸಲ ತಾನಾಗಿ ಕನ್ನಡದಲ್ಲಿ ಅಜ್ಜಿಗೆ ಫೋನು ಮಾಡಿದೊಡನೆ, ಉಚ್ಚಾರಣೆಯನ್ನು ತಿದ್ದದೆ ಸುಮ್ಮನಿರುವುದೂ ಒಂದು ಬಗೆಯ ಬಿಡುಗಡೆಯೇ. ಮಕ್ಕಳನ್ನು ಕುದುರೆಗೆ ಹೋಲಿಸಿದೆವೆಂದು ಯಾರೂ ಮುನಿಸಿಕೊಳ್ಳಬಾರದು; ನಮ್ಮ ಮನೆಯಲ್ಲಿ ಅದು ಹೊಗಳಿಕೆ.

ಮಕ್ಕಳು ಕುದುರೆ ಸವಾರಿ ಕಲಿಯಬೇಕೆಂದು ಕೇಳಿದರೆ ಪೋಷಕರು ಏನು ನೋಡಬೇಕೆಂಬುದನ್ನು ಹೇಳಿ ಮುಗಿಸುತ್ತೇವೆ. ಮೊದಲ ದಿನವೇ ಬೆನ್ನಮೇಲೆ ಕೂರಿಸುವ ಕಡೆ ಅವಸರಪಡಬೇಡಿ. ನೆಲದ ಪಾಠವನ್ನು ಮೊದಲು ಕಲಿಸುವ ಶಿಕ್ಷಕರನ್ನು ಹುಡುಕಿ. ನೆಲದ ಮೇಲೆ ನಿಂತಿದ್ದಾಗಲೂ ಹೆಲ್ಮೆಟ್ ಇರಲಿ, ಗಟ್ಟಿಯಾದ ಬೂಟು ಇರಲಿ. ಕುದುರೆಯಿಂದ ಬಿದ್ದವರನ್ನಷ್ಟೇ ಅಲ್ಲ, ಅದರ ಪಕ್ಕದಲ್ಲಿ ನಿಂತು ಒದೆಸಿಕೊಂಡು ಪಕ್ಕೆಲುಬು ಮುರಿದುಕೊಂಡವರನ್ನೂ ನಾವು ಆಸ್ಪತ್ರೆಯಲ್ಲಿ ಕಂಡಿದ್ದೇವೆ. ಹಗ್ಗವನ್ನು ಕೈಗೆ ಎಂದೂ ಸುತ್ತಿಕೊಳ್ಳಕೂಡದು. ಹಿಂದಿನಿಂದ ಬರಕೂಡದು, ಭುಜದ ಕಡೆಯಿಂದ, ಮಾತಾಡಿಸುತ್ತ ಬರಬೇಕು. ಮತ್ತು ಶಿಕ್ಷಕರ ಕೈಯನ್ನು ಗಮನಿಸಿ: ಕುದುರೆ ಸರಿಯಾಗಿ ಮಾಡಿದೊಡನೆ ಆ ಕೈ ಸಡಿಲವಾಗುತ್ತದೆಯೇ? ಸಡಿಲವಾಗುವುದಾದರೆ ನಿಮ್ಮ ಮಕ್ಕಳನ್ನು ಅವರ ಬಳಿ ನಿಶ್ಚಿಂತೆಯಿಂದ ಬಿಡಬಹುದು.